ಮೇರಿ ಟೀಚರ್ ಕೇಕಿಗೆ ಎರಡು ಚಮಚ

ಹನೂರಿನ ಗುರುಬಸಮ್ಮನ ಮನೆ ಮಹಡಿಯಲ್ಲಿ ರಮ್ಮಿನ ಪುಟ್ಟ ಬಾಟ್ಲಿ! ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ಕಣ್ರಿ, ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವ ಜನ. ಮಹಡಿಯಲ್ಲಿ ಬಾಡಿಗೆಗಿದ್ದ ಆರೋಕ್ಯಮೇರಿ ಟೀಚರ್ ಕ್ರಿಸ್‌ಮಸ್ಸಿಗೆಂದು ದ್ರಾಕ್ಷಿ, ಗೋಡಂಬಿ ತುಂಬಿದ ಕೇಕು ಬೇಯಿಸಿ, ಬಟ್ಟೆ ಸುತ್ತಿ ಡಬ್ಬದಲ್ಲಿಟ್ಟಿದ್ದಳು. ಅಷ್ಟರಲ್ಲಿ ಊರಲ್ಲಿ ತಾಯಿಗೆ ಆಪರೇಷನ್ ಅಂತ ಫೋನ್ ಬಂತು.

"ಅಮ್ಮಾ, ಇಪ್ಪತ್ತು ದಿನ ಬರಲ್ಲ. ದಿನ ಬಿಟ್ಟು ದಿನ ಈ ಬಾಟ್ಲಿದು ಎರಡು ಚಮಚ ಕೇಕಿನ ಮೇಲೆ ಬಿಡ್ತೀರಾ? ಇಲ್ದಿದ್ರೆ ಒಣಗೋಗುತ್ತೆ."

"ಶಿವಶಿವಾ! ನಾನು ಅದ್ನ ಮುಟ್ಟಾದಾ?" ಅಂದಳು ಗುರುಬಸಮ್ಮ.

"ನಾನಂತೂ ಮೆಟ್ಲೂ ಅತ್ತಾಕಿಲ್ಲ" ಅಂದ ಗಂಡ ಶಿವನಂಜಯ್ಯ.

ಟೀಚರ್ ಮುಖ ಸಣ್ಣದು ಮಾಡಿಕೊಂಡು, ಬೀಗದ ಕೈ ಕೊಟ್ಟು ಬಸ್ಸು ಹತ್ತಿದಳು.

ಆ ಸಣ್ಣ ಮುಖ ಗುರುಬಸಮ್ಮನನ್ನು ಬಿಡಬೇಕಲ್ಲ! ಮಾರನೇ ದಿನ ಗಂಡ ಡೈರಿಗೆ ಹಾಲು ಹಾಕಲು ಹೋದದ್ದೇ ತಡ, ಮೂಗಿಗೆ ಸೆರಗು ಬಿಗಿದು ಮಹಡಿ ಹತ್ತಿದಳು. ಮುಖ ತಿರುಗಿಸಿಕೊಂಡೇ ಎರಡು ಚಮಚ ಬಿಟ್ಟಳು. "ಕುಡ್ಕೊ ಮಗಾ" ಅಂತ ಕೇಕಿಗೆ ಹೇಳಿ, ತಾನೇ ಕಿಸಕ್ಕನೆ ನಕ್ಕಳು.

ವಾರ ಕಳೆಯುವಷ್ಟರಲ್ಲಿ ಬಾಟ್ಲಿ ಅರ್ಧಕ್ಕಿಳಿದಿತ್ತು. ತಾನು ಹಾಕಿದ್ದೆಷ್ಟು, ಇಳಿದದ್ದೆಷ್ಟು! ಮನೆಯಲ್ಲಿರುವುದು ಇಬ್ಬರೇ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಈ ವಯಸ್ಸಲ್ಲಿ ಕುಡುಕನಾದನೆ? ಅದಕ್ಕೇ ನೋಡು, ಮೊನ್ನೆಯಿಂದ ಎಮ್ಮೆ ಮುಂದೆ ನಿಂತು ಹಾಡು ಗುನುಗುತ್ತಿದ್ದಾನೆ! ಎರಡು ದಿನ ಬಿಟ್ಟು ನೋಡಿದರೆ ಬಾಟ್ಲಿ ಕಂಠಮಟ್ಟ ತುಂಬಿದೆ. ಅಯ್ಯೋ ಮನೆಹಾಳ, ಹೊಸದೂ ತರುತ್ತಿದ್ದಾನಲ್ಲ! ಅವತ್ತಿನಿಂದ ಮಾತು ಬಂದ್. ಮುದ್ದೆಯನ್ನು ತಟ್ಟೆಗೆ ದಬ್ಬನೆ ಕುಕ್ಕುವುದೇ ಜವಾಬು. ಶಿವನಂಜಯ್ಯ ಮಾತ್ರ "ಕಾಲ್ನೋವು ಎಂಗೈತಮ್ಮಿ?" ಅಂತ ಮೆತ್ತಗೆ ವಿಚಾರಿಸುತ್ತಿದ್ದ. ಅದರಿಂದ ಅವಳಿಗೆ ಇನ್ನೂ ಉರಿ ಹತ್ತುತ್ತಿತ್ತು.

ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಟೀಚರ್ ಬಂದು ಕೇಕಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕೇಕು ಜಿನುಗುತ್ತಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡಳು. "ಅಬ್ಬಾ, ಏನು ಮೆತ್ತಗಿದೆ! ಆದ್ರೆ ಟೀ ರುಚಿ ಬರ್ತಿದೆಯಲ್ಲಮ್ಮಾ?" ಬಾಟ್ಲಿ ಮೂಸಿದಳು. "ಇದ್ರಲ್ಲೂ ಟೀ! ಯಾರು ಹಾಕಿದ್ದು?"

"ನಾನು ಕೇಕಿಗೆ ಎರಡೇ ಚಮಚ ಆಕ್ತಿದ್ದೆ ಕಣವ್ವ" ಅಂದಳು ಗುರುಬಸಮ್ಮ.

"ನಾನೂ ಎರಡೇ" ಅಂದ ಶಿವನಂಜಯ್ಯ, ತಲೆ ತಗ್ಗಿಸಿ.

ಗುರುಬಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮನ್ನ ಕುಡುಕ ಅನ್ಕಂಡಿದ್ನಲ್ರೀ! ಮತ್ತೆ ಟೀ ಯಾಕ್ರೀ ತುಂಬುದ್ರಿ?"

"ಬಾಟ್ಲಿ ಇಳೀತಿತ್ತು. ನೀನೇ ಕುಡೀತಿದ್ದೀಯ ಅನ್ಕಂಡೆ ಕಣಮ್ಮಿ. ಕಾಲ್ನೋವಿಗೆ ವಸಿ ಕುಡೀಲಿ ಬುಡು, ಟೀಚರ್ ಮುಂದೆ ನಿನ್ನ ಮಾನ ಓಗ್ಬಾರ್ದು ಅಂತ ಕರೀ ಟೀ ತುಂಬ್ಸಿಟ್ಟೆ."

ಗುರುಬಸಮ್ಮನ ನಗು ಅಲ್ಲಿಗೇ ನಿಂತಿತು. ಮುದ್ದೆ ಕುಕ್ಕಿದ್ದೆಲ್ಲ ನೆನಪಾಗಿ ನಾಚಿಕೆಯಿಂದ ಕಣ್ಣು ತುಂಬಿತು. ಟೀಚರ್ ನೋಡುತ್ತಿದ್ದಂತೆಯೇ ಗಂಡನ ಕೈ ಹಿಡಿದುಕೊಂಡಳು. ಧಾರೆಯ ದಿನ ಬಿಟ್ಟರೆ, ಇನ್ನೊಬ್ಬರೆದುರು ಅವಳು ಆ ಕೈ ಹಿಡಿದದ್ದು ಅದೇ ಮೊದಲು.