ಬೀರುವಿನ ಮೇಲಿನ ಕಾರ್ಡುಗಳು

ಹತ್ತೊಂಬತ್ತು ತುಂಬಿದರೂ ಒಂದು ಮಾತಾಡದ ಆ ಹುಡುಗಿಯನ್ನು ಮನೆಯವರೆಲ್ಲ ಗಿಣಿ ಎಂದೇ ಕರೆಯುತ್ತಿದ್ದರು. ತೊಟ್ಟಿಲಲ್ಲಿದ್ದಾಗ ಅಜ್ಜಿ ಮುದ್ದಿಗೆ ಇಟ್ಟ ಹೆಸರು. ಆಗ ಯಾರಿಗೆ ಗೊತ್ತಿತ್ತು? ತಾಯಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ ಗಿಣಿ ಪಕ್ಕದಲ್ಲಿ ಕೂತು ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ತರಬೇತಿ ಕೇಂದ್ರದ ಟೀಚರ್ ಎಂಟು ತಿಂಗಳು ಹೆಣಗಿ ಅವಳಿಗೆ ಚಿತ್ರದ ಕಾರ್ಡುಗಳನ್ನು ಕಲಿಸಿದ್ದರು. ಲೋಟದ ಚಿತ್ರ ಕೊಟ್ಟರೆ ನೀರು ಬೇಕೆಂದು, ಹೊಟ್ಟೆ ಹಿಡಿದ ಹುಡುಗಿಯ ಚಿತ್ರ ಕೊಟ್ಟರೆ ನೋವೆಂದು ಅರ್ಥ. ಗಿಣಿ ತಾನಾಗಿಯೇ ಲೋಟದ ಕಾರ್ಡು ತಂದುಕೊಟ್ಟ ದಿನ ತಾಯಿ ಹೊಲಿಗೆ ಬಿಟ್ಟು ಅತ್ತುಬಿಟ್ಟಳು.

ಅಜ್ಜಿಗೆ ಮಾತ್ರ ಆ ಕಾರ್ಡುಗಳನ್ನು ಕಂಡರಾಗುತ್ತಿರಲಿಲ್ಲ. "ಚಿತ್ರ ತೋರಿಸಿದ್ರೆ ಎಲ್ಲಾ ಸಿಗುತ್ತೆ ಅಂದ್ಮೇಲೆ ಅವಳು ಯಾಕಾದ್ರೂ ಬಾಯಿ ಬಿಡ್ತಾಳೆ? ಇವಳಪ್ಪನೂ ತಡವಾಗೇ ಮಾತಾಡಿದ್ದು."

"ಕಾರ್ಡು ಮಾತನ್ನ ತಡೆಯಲ್ಲ ಅಮ್ಮ. ಸದ್ಯಕ್ಕೆ ಅವಳಿಗಿರೋ ಮಾತೇ ಅದು. ಅವಳ ಕೈಗೆಟಕೋ ಹಾಗೆ ಇಡಿ," ಎಂದು ಮನೆಗೆ ಬಂದಿದ್ದ ಟೀಚರ್ ಬೇಡಿಕೊಂಡರು.

"ನಾನು ಆರು ಮಕ್ಕಳನ್ನ ಸಾಕಿದೀನಮ್ಮ. ನನಗೆ ಹೇಳ್ಕೊಡ್ತೀಯಾ?"

ಟೀಚರ್ ಅತ್ತ ಹೋಗಿದ್ದೇ ತಡ, ಕಾರ್ಡುಗಳ ಕಟ್ಟು ಬೀರುವಿನ ಮೇಲೇರಿತು. ತಾಯಿ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು. ಅತ್ತೆಗೆ ಎದುರಾಡುವ ಸೊಸೆ ಅನ್ನಿಸಿಕೊಳ್ಳುವ ಭಯ. ಎಷ್ಟು ಮನೆಗಳನ್ನು ಈ ಭಯ ನುಂಗಿದೆಯೋ!

ಹತ್ತು ದಿನ ಕಳೆಯಿತು. ಗಿಣಿ ಊಟ ಬಿಟ್ಟಳು. ಕುರ್ಚಿ ಎಳೆದು ತಂದು ಬೀರು ಹತ್ತಲು ಹೋದಳು. ಇಳಿಸಿದರೆ ಮತ್ತೆ ಹತ್ತಿದಳು, ಬೀರುವಿನ ಬಾಗಿಲು ಬಡಿದಳು, ತಾಯಿಯ ಕೈ ಹಿಡಿದು ಅಲ್ಲಿಗೇ ಎಳೆದಳು.

"ಬರೀ ಹಠ. ಇವತ್ತು ಸೋತ್ರೆ ಮುಗೀತು. ಬಾಯಿಬಿಟ್ಟು ಕೇಳ್ಲಿ, ಆಮೇಲೆ ಕೊಡು," ಎಂದು ಅಜ್ಜಿ ಕುರ್ಚಿಯನ್ನು ಹೊರಗೆ ಹಾಕಿಸಿದರು.

ತಾಯಿ ತನ್ನ ಕೈ ಹಿಡಿದಿದ್ದ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

ಮರುದಿನವೂ ಅದೇ ಎಳೆದಾಟ. ಊಟ ಬಿಟ್ಟ ಮೂರನೆಯ ದಿನ ಗಿಣಿಯ ಮೈ ಕೆಂಡವಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವಾಗಿದೆ. ಮೊನ್ನೆನೇ ನೋವು ಅಂದಿರ್ಬೇಕಲ್ಲ?" ಎಂದರು. ಮರುದಿನ ಗಿಣಿ ತೀರಿಕೊಂಡಳು.

ಮಾತಾಡಿಸಲು ಬಂದವರ ಮುಂದೆ ಅಜ್ಜಿ ಎದೆ ಬಡಿದುಕೊಂಡು ಅಳುತ್ತಿದ್ದರು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. "ಅಷ್ಟು ನೋವಿದ್ರೂ ನನ್ನ ಗಿಣಿ ಒಂದು ಮಾತೂ ಹೇಳದೆ ಹೋದ್ಲಲ್ಲಪ್ಪಾ!"

ತಾಯಿ ಎದ್ದು ಹೊರಗಿದ್ದ ಕುರ್ಚಿ ತಂದು ಬೀರುವಿನ ಮುಂದಿಟ್ಟು ಹತ್ತಿದಳು. ಕಟ್ಟು ಬಿಚ್ಚಿ, ಹೊಟ್ಟೆ ಹಿಡಿದ ಹುಡುಗಿಯ ಕಾರ್ಡನ್ನು ಎಲ್ಲರೆದುರಿಗೇ ಅತ್ತೆಯ ಮಡಿಲಲ್ಲಿಟ್ಟಳು.

"ಹೇಳೋಕೆ ಬಂದಿದ್ಲು ಅತ್ತೆ. ಮೂರು ದಿನ ಹೇಳೋಕೆ ಬಂದ್ಲು. ಬೆರಳು ಬಿಡಿಸಿದ್ದು ನಾನು."