ಒಳ ಉಬ್ಬು, ಹೊರ ಉಬ್ಬು

ದೇವದುರ್ಗದ ಬಸ್ ಕಂಡಕ್ಟರ್ ಅಯ್ಯಣ್ಣನಿಗೆ ಬಾಯಿ ಮುಚ್ಚಿಕೊಂಡು ಕೂರುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವೂ ಬರುತ್ತಿತ್ತು. ಮಾನ್ವಿ ಬಸ್ಸಿನಲ್ಲಿ ಯಾರಾದರೂ ದಾರಿ ಕೇಳಿದರೆ, ಕೇಳಿದವರು ಇಳಿದು ಹೋದ ಮೇಲೂ ಹೇಳುತ್ತಲೇ ಇರುವ ಮನುಷ್ಯ.

ಮಗಳು ವಿಶಾಖಾ ರಾಯಚೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ಊರಿಗೆ ಬಂದಾಗಲೆಲ್ಲ ಅಪ್ಪನ ಮೊಣಕೈ ಹಿಡಿದು, ಮೂಳೆಯ ಉಬ್ಬುಗಳನ್ನು ಒತ್ತಿ ಒತ್ತಿ, ಯಾವ ಸ್ನಾಯು ಎಲ್ಲಿ ಅಂಟಿಕೊಂಡಿದೆ ಎಂದು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಉಂಡು ತೂಕಡಿಸುತ್ತ ಅದನ್ನು ಕೇಳಿಸಿಕೊಂಡ ಅಯ್ಯಣ್ಣ, ತನಗೂ ಪಾಠ ಬಂತೆಂದು ನಂಬಿಬಿಟ್ಟ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಗಳನ್ನು ಬಿಡಲು ಅವನೂ ಕಾಲೇಜಿಗೆ ಹೋದ. ನೋಡಿದರೆ, ಸ್ನಾಯು ಮುಟ್ಟಿ ತೋರಿಸಲು ತನ್ನ ಕೈ ಕೊಡುತ್ತೇನೆಂದು ಒಪ್ಪಿದ್ದ ಗೆಳತಿ ದುರ್ಗಾಳಿಗೆ ಜ್ವರ.

"ನನ್ನ ಕೈ ಅದ ಅಲ್ಲ!" ಎಂದು ಅಯ್ಯಣ್ಣ ಅಂಗಿಯ ತೋಳು ಮಡಚಿಯೇಬಿಟ್ಟ.

"ಯಪ್ಪಾ, ಕೈ ಅಷ್ಟ ಕೊಡು. ಬಾಯಿ ಬಿಡಬ್ಯಾಡ," ಎಂದು ಮಗಳು ಕೈ ಮುಗಿದಳು.

ಪರೀಕ್ಷಕಿ ಸುನಂದಾ ಮೇಡಂ ಚಹಾದ ಕಪ್ಪು ಪಕ್ಕಕ್ಕಿಟ್ಟು ಶುರು ಮಾಡಿದರು. "ತೋಳಿನ ಹಿಂದಿನ ಸ್ನಾಯು, ಟ್ರೈಸೆಪ್ಸ್, ಎಲ್ಲಿ ಬಂದು ಕೂಡ್ತದ?"

ವಿಶಾಖಾ ಬಾಯಿ ತೆರೆಯುವ ಮೊದಲೇ ಅಯ್ಯಣ್ಣ ಕೈ ಮಡಚಿ, ಮೊಣಕೈಯ ಹಿಂದಿನ ಚೂಪು ತುದಿಯನ್ನು ಅವಳ ಮೂಗಿನ ಮುಂದೆ ಹಿಡಿದ.

"ಪರೀಕ್ಷಾ ಯಾರಿಗ್ರೀ, ನಿಮಗೋ ಅಕಿಗೋ?" ಎಂದರು ಮೇಡಂ.

"ಅಕಿಗೇ ರೀ. ನನಗ ಕೈ ಜೋಮು ಹಿಡಿದಿತ್ತು."

"ಹೌದಾ? ಮಣಿಕಟ್ಟನ್ನ ಅಂಗೈ ಕಡೆ ಬಗ್ಗಿಸೋ ಸ್ನಾಯುಗಳು ಎಲ್ಲಿಂದ ಹೊಂಡ್ತಾವ?"

ವಿಶಾಖಾ ಅಪ್ಪನ ಮೊಣಕೈಗೆ ಬೆರಳಿಟ್ಟಳು. ಅಯ್ಯಣ್ಣನಿಗೆ ತಡೆಯಲಾಗಲಿಲ್ಲ.

"ಹೊರಗಿನ ಉಬ್ಬು!"

ಮೇಡಂ ಅವನನ್ನಲ್ಲ, ಮಗಳನ್ನು ನೋಡಿದರು. "ನಿಮ್ಮಪ್ಪಾರು ಹೇಳಿದ್ದು ಖರೆ ಏನವಾ?"

ಅಪ್ಪನಿಗೆ ಎಂದೂ ಎದುರಾಡದ ಹುಡುಗಿ ಅವಳು. ತಲೆ ತಗ್ಗಿಸಿದಳು, ಎತ್ತಿದಳು. "ಇಲ್ರಿ ಮೇಡಂ. ತಪ್ಪು. ಒಳಗಿನ ಉಬ್ಬು."

"ಏ, ನೀನ ಹೇಳಿದ್ದಿ ಅಲ್ಲ!"

"ಹೊರಗಿಂದು ಮಣಿಕಟ್ಟು ಹಿಂದಕ್ಕ ಎತ್ತೋದಕ್ಕ. ನಾ ಹೇಳುವಾಗ ನೀ ಗೊರಕಿ ಹೊಡ್ಯಾಕತ್ತಿದ್ದಿ. ಮುಷ್ಟಿ ಹಿಡಿ. ಈಗ ಒಳಗ ಬಗ್ಗಿಸು."

ಬಗ್ಗಿಸಿದ. ಒಳ ಉಬ್ಬಿನ ಬುಡದಲ್ಲಿ ಸ್ನಾಯು ಬಿಗಿದುಕೊಂಡದ್ದು ಅವನಿಗೇ ತಿಳಿಯಿತು. ಮುಖ ಸಪ್ಪಗಾಯಿತು.

"ಛಲೋ. ಆ ಉಬ್ಬಿನ ಹಿಂದ ಏನು ಹಾಯ್ದು ಹೋಗ್ತದ?"

ಧೈರ್ಯ ಬಂದಿದ್ದ ವಿಶಾಖಾ ಅಲ್ಲಿಯ ಸಂದಿಗೆ ಬೆರಳು ಒತ್ತಿದಳು, ತುಸು ಜೋರಾಗಿಯೇ. ಕಿರುಬೆರಳ ತನಕ ಕರೆಂಟು ಹೊಡೆದಂತಾಗಿ ಅಯ್ಯಣ್ಣ, "ಯವ್ವೋ, ಸತ್ತೆ!" ಎಂದು ಚೀರಿದ. ಕೈ ಹಾರಿತು, ಚಹಾದ ಕಪ್ಪು ನೆಲ ಕಂಡಿತು.

ಮೇಡಂ ಸೀರೆಯ ನೆರಿಗೆ ಕೊಡವಿಕೊಂಡರು. "ನರ ಅದ ಅಂತ ನೀ ಹೇಳೂದು ಬ್ಯಾಡ ಬಿಡು. ಈ ಉತ್ತರ ನಿಮ್ಮಪ್ಪಾರು ಸರಿ ಹೇಳಿದ್ರು. ಅದರ ಹೆಸರಷ್ಟು ಹೇಳು."

"ಅಲ್ನರ್ ನರ, ಮೇಡಂ."

"ಪಾಸು. ಇವರನ್ನ ಮೊದಲು ಹೊರಗ ಕರ್ಕೊಂಡು ಹೋಗು."

ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುವಾಗ ವಿಶಾಖಾ ಮೆಲ್ಲಗೆ ಕೇಳಿದಳು: "ಯಪ್ಪಾ, ಎಲ್ಲಾರ ಮುಂದ ತಪ್ಪು ಅಂದೆ. ಸಿಟ್ಟು ಬಂತೇನು?"

ಅಯ್ಯಣ್ಣ ಜುಮುಗುಡುವ ಕಿರುಬೆರಳನ್ನು ತಿಕ್ಕಿಕೊಂಡ. "ನನಗ ಮಾರಿ ಮ್ಯಾಲ ತಪ್ಪು ಅನ್ನಾಕಿ ನಿಮ್ಮವ್ವ ಒಬ್ಬಾಕೀನ ಇದ್ದಳು," ಎಂದ. "ಈಗ ಇಬ್ಬರಾದ್ರಿ."

ಹಾಗೆ ಹೇಳಿ, ತನ್ನ ತಟ್ಟೆಯ ಭಜಿಯನ್ನೂ ಅವಳ ತಟ್ಟೆಗೆ ಸರಿಸಿದ.