ಏಲಕ್ಕಿ ಮುಚ್ಚಿದ ಮುಗ್ಗಲು

ನಾಗರಪಂಚಮಿ ಹತ್ತಿರ ಬಂತೆಂದರೆ ಊರಿಗೆಲ್ಲ ಶೇಂಗಾ ಹುರಿಯುವ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ದುರುಗಕ್ಕನ ಹೊಟ್ಟೆಯಲ್ಲಿ ಬೇರೊಂದು ಒಲೆ ಹತ್ತುತ್ತಿತ್ತು. ಗೋಡೆಯಾಚೆ ವಾರಗಿತ್ತಿ ಕೊಲ್ಲಾಪುರಮ್ಮನ ಮನೆ. ಜಗಳೂರು ಕಡೆಯ ಆ ಪುಟ್ಟ ಊರಲ್ಲಿ “ಉಂಡೆ ಅಂದ್ರೆ ಕೊಲ್ಲಾಪುರಮ್ಮನ ಉಂಡೆ” ಎಂಬುದು ಗಾದೆಯಂತಾಗಿತ್ತು. ದುರುಗಕ್ಕನ ಗಂಡನೇ ಒಮ್ಮೆ ಹಾಗೆಂದು ಇನ್ನೊಂದಕ್ಕೆ ಕೈಚಾಚಿದ್ದ.

ಈ ಸಲ ಮಗಳು ಸಾವಂತ್ರಮ್ಮ ತನ್ನ ಪುಟ್ಟ ಮಗಳೊಂದಿಗೆ ಹಬ್ಬಕ್ಕೆ ಬರುವವಳಿದ್ದಳು. ಮೊಮ್ಮಗಳ ಬಾಯಿಗೆ ಮೊದಲು ತನ್ನ ಉಂಡೆಯೇ ಬೀಳಬೇಕು ಎಂದು ದುರುಗಕ್ಕ ಹಟ ತೊಟ್ಟಳು.

ಕಾರಹುಣ್ಣಿಮೆ ಕಳೆದ ಮೇಲೆ ಇಬ್ಬರ ಜಗಲಿಯಲ್ಲೂ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಆಚೆಯ ರಾಶಿ ಬೇಗ ಕರಗುವುದನ್ನು ದುರುಗಕ್ಕನಿಗೆ ನೋಡಲಾಗಲಿಲ್ಲ. ಕಾಯಿಗೆ ನೀರು ಚಿಮುಕಿಸಿ ಗೋಣಿ ಮುಚ್ಚಿದಳು. ಸಿಪ್ಪೆ ಮೆತ್ತಗಾಯಿತು, ಬೆರಳು ನೋಯಲಿಲ್ಲ, ವಾರಗಿತ್ತಿಗಿಂತ ಮೊದಲೇ ಸುಲಿದು ಮುಗಿಸಿದಳು. ಆ ಖುಷಿಯಲ್ಲಿ ಹಸಿ ಆರದ ಕಾಳನ್ನೇ ತಗಡಿನ ಡಬ್ಬಕ್ಕೆ ತುಂಬಿ ಮುಚ್ಚಳ ಒತ್ತಿದಳು.

ಹಬ್ಬದ ಹಿಂದಿನ ದಿನ ಡಬ್ಬ ತೆಗೆದರೆ ಏನೋ ಒಂದು ವಾಸನೆ. ಹುರಿದರೆ ಹೋದೀತೆಂದು ಹುರಿದಳು. ಬೆಲ್ಲ ಬೆರೆಸಿದಳು. ಇನ್ನೂ ಇದೆ ಅನ್ನಿಸಿ ಏಲಕ್ಕಿ ಪುಡಿ ಸುರಿದು ಉಂಡೆ ಕಟ್ಟಿದಳು. ಈಗ ಮನೆಯೆಲ್ಲ ಘಮಘಮ.

ಮೊರ ಕೇಳಲು ಬಂದ ಕೊಲ್ಲಾಪುರಮ್ಮ ಬಾಗಿಲಲ್ಲೇ ನಿಂತಳು.

“ಅಕ್ಕಾ, ಬ್ಯಾಸರ ಮಾಡ್ಕೊಬ್ಯಾಡ. ಏಲಕ್ಕಿ ಅಡಿಯಾಗೆ ಮುಗ್ಗಲು ವಾಸ್ನೆ ಐತೆ. ಕೂಸಿಗೆ ಕೊಡಬ್ಯಾಡ.”

“ಬಂತು ನೋಡು ಹೊಟ್ಟೆಕಿಚ್ಚು! ನನ್ ಉಂಡೆ ಘಮ್ ಅಂದ್ರೆ ನಿನಗೆ ಮುಗ್ಗಲಾ? ನಿನ್ ಮೂಗೇ ಮುಗ್ಗೈತೆ, ಹೋಗು.”

ಕೊಲ್ಲಾಪುರಮ್ಮ ಹೋದಳು. ಆದರೆ ಸುಮ್ಮನೆ ಕೂರಲಿಲ್ಲ. ಮಹಿಳಾ ಮಂಡಳಿಗೆ ಬಂದಿದ್ದ ಗ್ರಾಮಸೇವಕಿ ನಿರ್ಮಲಮ್ಮನವರನ್ನು ಕರೆತಂದಳು.

ನಿರ್ಮಲಮ್ಮ ಇಬ್ಬರ ಮನೆಯಿಂದಲೂ ಹುರಿಯದ ಕಾಳು ತರಿಸಿದರು. ಯಾರಿಗೂ ತೋರಿಸದೆ ಜಜ್ಜಿ ಎರಡು ಡಬ್ಬಿಗೆ ಹಾಕಿ, ಒಂದಕ್ಕೆ ದಾರ ಕಟ್ಟಿ, ಬಿಸಿಲಿಗಿಟ್ಟರು.

“ವಾಸ್ನೆ ಅಂದ್ರೆ ಗಾಳಿಗೆ ಹಾರೋ ವಸ್ತು ಕಣ್ರಮ್ಮ. ಬೆಚ್ಚಗಾದ್ರೆ ಕಾಳಿನಿಂದ ಎದ್ದು ಮುಚ್ಚಳದ ಕೆಳಗೆ ಕೂಡ್ತೈತೆ. ದೊಡ್ಡ ಪ್ರಯೋಗಾಲಯದಾಗೆ ಅದನ್ನ ಎಳೆ ಎಳೆಯಾಗಿ ಬಿಡಿಸಾಕೆ ಮಿಷಿನ್ ಐತೆ. ನಮಗೆ ಸದ್ಯಕ್ಕೆ ಮೂಗೇ ಮಿಷಿನ್ನು.”

“ಹಂಗಾದ್ರೆ ಅವಳ ಮೂಗು ಬ್ಯಾಡ, ನಂದೇ ಹೇಳಲಿ,” ಎಂದಳು ದುರುಗಕ್ಕ.

ಡಬ್ಬಿಗಳು ಬೆಚ್ಚಗಾದ ಮೇಲೆ, ಮೊದಲು ದಾರವಿಲ್ಲದ್ದನ್ನು ತೆಗೆದಳು. ಹೊಲದಿಂದ ಈಗ ಕಿತ್ತು ತಂದಂಥ ಕಾಳಿನ ವಾಸನೆ. “ಇದು ನಂದು,” ಎಂದು ನಕ್ಕಳು. ದಾರದ ಡಬ್ಬಿ ತೆಗೆದವಳೇ ಮುಖ ಹಿಂಡಿದಳು. ನೆನೆದ ಗೋಣಿ ಕೊಳೆತಂಥ ವಾಸನೆ.

“ಥೂ! ಇದು ಅವಳದೇ! ಇಂಥ ಕಾಳು ಮನೆಯಾಗಿಟ್ಕೊಂಡು ನನಗೆ ಬುದ್ಧಿ ಹೇಳಾಕೆ ಬಂದಿದ್ಲು! ನಾನಾದ್ರೆ ಇದನ್ನ ಕೂಸಿನ ಬಾಯಿಗೆ ಹಾಕ್ತಿದ್ನಾ?”

“ದಾರ ಕಟ್ಟಿದ್ದು ನಿಮ್ದು, ದುರುಗಕ್ಕ,” ಎಂದರು ನಿರ್ಮಲಮ್ಮ.

ದುರುಗಕ್ಕ ಒಳಗೋಡಿ ತನ್ನ ಡಬ್ಬಕ್ಕೇ ಮೂಗಿಟ್ಟಳು. ಅದೇ ವಾಸನೆ. ಹೊರಗೆ ಬಂದಾಗ ದನಿ ಇಳಿದಿತ್ತು.

“ಹುರಿದೀನಲ್ರೀ ಅಮ್ಮಾರೇ?”

“ಹುರಿದ್ರೆ ವಾಸ್ನೆ ಅಡಗ್ತೈತೆ, ವಿಷ ಅಡಗಲ್ಲ. ಹಸಿ ಕಾಳಿಗೆ ಬೂಷ್ಟು ಹಿಡೀತೈತೆ. ಬೂಷ್ಟು ಬಿಡೋ ವಿಷ ಲಿವರ್ ಕೆಡಿಸ್ತೈತೆ, ಕೂಸುಗಳಿಗಂತೂ ಬಾಳ ಕೆಟ್ಟದ್ದು. ಆ ವಿಷಕ್ಕೆ ವಾಸ್ನೇನೇ ಇಲ್ಲ. ಮುಗ್ಗಲು ಬರೋದು ಬೂಷ್ಟಿನಿಂದ, ಅದು ಗಂಟೆ ಹೊಡೆದು ಎಚ್ಚರಿಸಿದಂಗೆ. ವಾಸ್ನೆ ಇಲ್ದಿದ್ರೂ ಸುಕ್ಕಿದ ಕಾಳು, ಕಪ್ಪಾದ ಕಾಳು ಆರಿಸಿ ಬಿಸಾಕ್ರಿ.”

“ದನಕ್ಕಾದ್ರೂ ಹಾಕ್ಲಾ?”

“ಬ್ಯಾಡ. ಹಾಲಿಗೂ ಇಳೀತೈತೆ. ಕೋಳಿಗೂ ಬ್ಯಾಡ. ಗುಂಡಿ ತೋಡಿ ಮುಚ್ಚಿ.”

ಉಂಡೆಗಳೂ ಡಬ್ಬದಲ್ಲಿ ಉಳಿದ ಕಾಳೂ ಗುಂಡಿ ಸೇರಿದವು. ಬಸ್ಸು ಬರುವ ಹೊತ್ತಾಗಿತ್ತು. ದುರುಗಕ್ಕ ಖಾಲಿ ಬಾಣಲೆ ಮುಂದೆ ಕೂತಿದ್ದಳು. ಕೊಲ್ಲಾಪುರಮ್ಮ ಮೊರದ ತುಂಬ ಕಾಳು ತಂದು ಎದುರಿಗಿಟ್ಟಳು.

“ಏಳಕ್ಕ. ಕಾಳು ನಂದು, ಕೈ ನಿಂದು.”

ಬಸ್ಸಿಳಿದು ಬಂದ ಮೊಮ್ಮಗಳು ಅಜ್ಜಿಯ ಕೈಯಿಂದಲೇ ಮೊದಲ ಉಂಡೆ ತಿಂದು, ಇನ್ನೊಂದಕ್ಕೆ ಕೈಚಾಚಿದಳು.

“ಈ ಸಲ ಎಷ್ಟು ಚೆಂದಾಗೈತವ್ವ!” ಎಂದಳು ಸಾವಂತ್ರಮ್ಮ.

“ಕಾಳು ನಿನ್ ಚಿಕ್ಕವ್ವಂದು,” ಎಂದಳು ದುರುಗಕ್ಕ. ಇನ್ನೊಂದು ಉಂಡೆ ಮೊಮ್ಮಗಳ ಕೈಗಿಟ್ಟಳು. ಆಮೇಲೆ ಮೆಲ್ಲಗೆ ಸೇರಿಸಿದಳು: “ಪಾಕ ಮಾತ್ರ ನಂದು.”

ಅಕ್ಕಂದಿರೇ, ತಂಗಿಯರೇ, ಸುಲಿಯುವ ಅವಸರಕ್ಕೆ ಶೇಂಗಾಕ್ಕೆ ನೀರು ಚಿಮುಕಿಸಬೇಡಿ. ಕಾಳನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಆರಿದ ಮೇಲೆ ತುಂಬಿಡಿ. ಡಬ್ಬ ತೆಗೆದ ಕೂಡಲೇ ಮೊದಲು ಮೂಸಿ ನೋಡಿ. ಪಕ್ಕದ ಮನೆಯವಳು ಮೂಗು ಮುರಿದರೆ ಮುನಿಯುವ ಮೊದಲು ನಿಮ್ಮ ಡಬ್ಬ ನೋಡಿಕೊಳ್ಳಿ. ಏಲಕ್ಕಿ ಮುಗ್ಗಲನ್ನು ಮುಚ್ಚೀತು, ಮಗುವನ್ನು ಕಾಯಲಾರದು.